ಮೂಸೆಗೆ ಬಿದ್ದ ಬಿಳಿ ರೊಕ್ಕ

ಸಾಲಹಳ್ಳಿಯ ಶಟ್ಟೆಪ್ಪನಿಗೆ ಜನ ಇಟ್ಟ ಹೆಸರುಗಳಿಗೇನು ಕಡಿಮೆಯೇ? ತಿದಿ ಶಟ್ಟೆಪ್ಪ, ಮಸಿ ಶಟ್ಟೆಪ್ಪ, ಬೈಲಹೊಂಗಲದ ಶಟ್ಟೆಪ್ಪ. ಬಾಯಿಗೆ ಬಂದದ್ದನ್ನು ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಅವನಿಗೆ ಬೇಕಾಗಿದ್ದ ಹೆಸರು ಮಾತ್ರ ಒಂದೇ ಒಂದು, ಗಂಟಿ ಶಟ್ಟೆಪ್ಪ. ಅದನ್ನು ಯಾರೂ ಇಡಲಿಲ್ಲ. ಇಡುವಂಥ ಒಂದು ದಿನ ಎಪ್ಪತ್ತೈದನೇ ಇಸವಿಯ ಬೇಸಿಗೆಯಲ್ಲಿ ಅವನ ಬಾಗಿಲಿಗೇ ಬಂದು ನಿಂತಿತ್ತು. ಅದು ಹೇಗೆ ಕೈತಪ್ಪಿತು ಎಂಬುದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವನು ಗಂಟೆಯ ಕೆಲಸಕ್ಕೆ ಬಿದ್ದದ್ದು ಬೈಲಹೊಂಗಲದಲ್ಲಿ. ಅಲ್ಲಿ ಯಮನಪ್ಪ ಕಂಚಗಾರ ಎಂಬ ಮುದುಕನೊಬ್ಬ ಎತ್ತಿನ ಕೊರಳ ಗಂಟೆ, ಗುಡಿಯ ಗಂಟೆ ಎರೆಯುತ್ತಿದ್ದ. ಬಾಯಿ ಬಿಟ್ಟರೆ ಬೈಗುಳ, ಹೀಗಾಗಿ ಅವನ ಕುಲುಮೆಯಲ್ಲಿ ಆಳು ನಿಲ್ಲುತ್ತಿರಲಿಲ್ಲ. ಕೊನೆಗೆ ಮಾದರ ಕೇರಿಯ ಹುಡುಗನಾದರೂ ಸರಿ ಎಂದು ಶಟ್ಟೆಪ್ಪನನ್ನು ತಿದಿ ಒತ್ತಲು ಕೂರಿಸಿಕೊಂಡ. ಬೆಂಕಿಯ ಹತ್ತಿರ ಕೂರಲು ಜಾತಿ ಅಡ್ಡ ಬರಲಿಲ್ಲ. ನೀರಿನ ಕೊಡದ ಹತ್ತಿರ ಹೋದಾಗ ಮಾತ್ರ ಬಂತು. ಶಟ್ಟೆಪ್ಪ ತನ್ನ ತಂಬಿಗೆಯನ್ನು ಹೊರಗಿನ ಬೇವಿನ ಬುಡದಲ್ಲಿ ಇಟ್ಟುಕೊಂಡ, ವರ್ಷಗಟ್ಟಲೆ ಅಲ್ಲೇ ಇಟ್ಟುಕೊಂಡ.

ಆದರೆ ಮುದುಕ ವಿದ್ಯೆಯನ್ನು ಬಚ್ಚಿಡಲಿಲ್ಲ, ಅಷ್ಟು ಹೇಳಬೇಕು. ಹಸಿ ಇದ್ದಿಲಿನ ಉರಿ ಯಾವುದು, ತಾಮ್ರ ಕರಗಿದಾಗ ಏಳುವ ಹಸಿರು ಉರಿ ಯಾವುದು, ಎಲ್ಲ ತೋರಿಸಿದ. ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ, "ಕೇಳಲೇ, ಅಳತೈತಿ. ತವರ ಬಗ್ಗಿಸಿದ್ರ ಅಳತೈತಿ, ಸೀಸಾ ಅಳೂದಿಲ್ಲ. ಯಾವನರ ತವರ ಅಂತ ಹೇಳಿ ಸೀಸಾ ಕೊಟ್ರ ನಿನ್ನ ಕಿವಿ ನಿನಗ ಹೇಳಬೇಕು" ಎಂದಿದ್ದ. ಶಟ್ಟೆಪ್ಪನೂ ಬಗ್ಗಿಸಿ ನೋಡಿದ. ಕಿರ್ರ್ ಎಂದು ಸಣ್ಣಗೆ ಅಳುವ ಸದ್ದು ಬಂತು. ಅವತ್ತಿನಿಂದ ಅವನಿಗೆ ಲೋಹವೆಂದರೆ ಹುಚ್ಚು ಹಿಡಿಯಿತು.

ತಾಮ್ರ ಮೆತ್ತಗಿನದು, ತವರ ಅದಕ್ಕಿಂತ ಮೆತ್ತಗಿನದು. ಎರಡನ್ನೂ ಸರಿಯಾದ ಪಾಲಿನಲ್ಲಿ ಕೂಡಿಸಿದರೆ ಕಲ್ಲಿನಷ್ಟು ಗಟ್ಟಿಯಾದ ಕಂಚು ಹುಟ್ಟುತ್ತದೆ. ಇದು ಹೇಗೆ ಎಂದು ಶಟ್ಟೆಪ್ಪ ಕೇಳಿದರೆ ಮುದುಕನಿಗೂ ಗೊತ್ತಿರಲಿಲ್ಲ. "ನೆಲಕ್ಕ ಬಿದ್ರ ಒಡೀತೈತಿ, ಬಡದ್ರ ಹಾಡತೈತಿ. ನಿನಗ ಇಷ್ಟ ಗೊತ್ತಿದ್ರ ಸಾಕು" ಎಂದು ಗದರಿಸಿದ. ಅವನಿಗೆ ಆಗದೇ ಇದ್ದ ಲೋಹ ಒಂದೇ, ಅಲ್ಯುಮಿನಿಯಂ. ಅದಕ್ಕೆ ನಮ್ಮ ಕಡೆ ಜರ್ಮನ್ ಎನ್ನುತ್ತಾರೆ. ಜರ್ಮನ್ ಬೋಗಾಣಿ, ಜರ್ಮನ್ ತಾಟು. ಯಾವ ಪುಣ್ಯಾತ್ಮ ಹೆಸರಿಟ್ಟನೋ ದೇವರಿಗೇ ಗೊತ್ತು. ಕುಲುಮೆಯ ಹತ್ತಿರ ಅದರ ಚೂರು ಕಂಡರೂ ಯಮನಪ್ಪ ಇಕ್ಕಳದಿಂದ ಎತ್ತಿ ಬೀದಿಗೆ ಎಸೆಯುತ್ತಿದ್ದ. "ಅದು ಕಾದ್ರ ಕೆನಿ ಕಟ್ಟತೈತಿ. ಹಾಲಿನ ಕೆನಿ ಮ್ಯಾಲ ಕಟ್ಟತೈತಿ, ಇದು ಕಂಚಿನ ಒಳಗ ಕಟ್ಟತೈತಿ. ಆಮ್ಯಾಲ ಅದನ್ನ ತಗಿಯಾಕ ನಿಮ್ಮಪ್ಪ ಬಂದ್ರೂ ಆಗೂದಿಲ್ಲ. ಗಂಟಿ ಮೂಕ ಆಗತೈತಿ" ಎನ್ನುತ್ತಿದ್ದ.

ದೊಡ್ಡ ಗಂಟೆಯಾದರೆ ಯಮನಪ್ಪ ಆಯಾ ಊರಿಗೇ ಹೋಗಿ ಎರೆದುಕೊಡುತ್ತಿದ್ದ. ಆಗ ಒಂದು ಪದ್ಧತಿ ಇತ್ತು. ಮೂಸೆಯಲ್ಲಿ ಕಂಚು ಕರಗಿ ನಿಂತಾಗ ಊರಿನವರು ಸುತ್ತ ಬಂದು ಗುಂಜಿ ಬಂಗಾರವೋ, ಬೆಳ್ಳಿಯ ಚೂರೋ, ತಾಮ್ರದ ದುಡ್ಡೋ ಹಾಕುತ್ತಿದ್ದರು. ಅದರಿಂದ ಗಂಟೆಯ ದನಿ ಹೆಚ್ಚುತ್ತದೆಂದು ಜನರ ನಂಬಿಕೆ. ಹೆಚ್ಚುತ್ತಿರಲಿಲ್ಲ, ಕೆಡುತ್ತಲೂ ಇರಲಿಲ್ಲ. ಆದರೆ ಗಂಟೆ ಬಾರಿಸಿದಾಗಲೆಲ್ಲ ಇದರೊಳಗೆ ನಮ್ಮದೂ ಇದೆ ಎಂದು ಹೇಳಿಕೊಳ್ಳಬಹುದಿತ್ತು. ಸವದತ್ತಿಯ ಕಡೆಯ ಒಂದು ಊರಲ್ಲಿ ಹೀಗೇ ಎರಕ ನಡೆದಿದ್ದಾಗ ಶಟ್ಟೆಪ್ಪನ ತಾಯಿ ಕಾಡವ್ವ ಮಗನನ್ನು ನೋಡಲು ಬಂದಿದ್ದಳು. ಗಂಡ ಸತ್ತ ಮೇಲೆ ತೆಗೆದಿಟ್ಟಿದ್ದ ಬೆಳ್ಳಿಯ ಕಾಲುಂಗುರ ಅವಳ ಸೆರಗಿನಲ್ಲಿತ್ತು. ಅದನ್ನು ಬಿಚ್ಚಿ ಮೂಸೆಯ ಕಡೆ ಒಂದು ಹೆಜ್ಜೆ ಇಟ್ಟಳು. ಊರ ಹಿರಿಯನೊಬ್ಬ ಸಿಟ್ಟನ್ನೇನೂ ಮಾಡದೆ, "ಅಲ್ಲೇ ಇಡಬೇ, ಆಮ್ಯಾಲ ಹಾಕತೇವಿ" ಎಂದ. ಅವಳು ಕಲ್ಲಿನ ಮೇಲೆ ಇಟ್ಟಳು. ಎರಕ ಮುಗಿಯಿತು, ಎಲ್ಲರೂ ಕೈ ಮುಗಿದರು, ಉಂಗುರ ಕಲ್ಲಿನ ಮೇಲೇ ಇತ್ತು. ಕಾಡವ್ವ ಅದನ್ನು ಎತ್ತಿಕೊಂಡು ಹೋದಳು. ತಿದಿ ಒತ್ತುತ್ತ ಕುಳಿತಿದ್ದ ಶಟ್ಟೆಪ್ಪ ಎಲ್ಲವನ್ನೂ ನೋಡಿದ, ಒತ್ತುವುದನ್ನು ನಿಲ್ಲಿಸಲಿಲ್ಲ. ಆ ಉಂಗುರ ಮುಂದೆ ಯಾವುದೋ ಕಷ್ಟಕ್ಕೆ ಮಾರಿಹೋಯಿತು.

ಯಮನಪ್ಪ ಸತ್ತ ಮೇಲೆ ಅವನ ಮಕ್ಕಳು ಕುಲುಮೆ ಕೆಡವಿ ಸ್ಟೀಲ್ ಪಾತ್ರೆಯ ಅಂಗಡಿ ಹಾಕಿದರು. ಶಟ್ಟೆಪ್ಪ ಹಳೆಯ ಮೂಸೆಗಳನ್ನೂ ಇಕ್ಕಳವನ್ನೂ ಕೇಳಿ ತಂದು ಸಾಲಹಳ್ಳಿಯಲ್ಲಿ ಮನೆಯ ಹಿಂದೆ ಒಲೆ ಹೂಡಿದ. ಎತ್ತಿನ ಗಂಟೆ ಎರೆದು ರಾಮದುರ್ಗದ ಸಂತೆಗೆ ಒಯ್ದ. ಗಿರಾಕಿಗಳು ಬಾರಿಸಿ ನೋಡಿ ತಲೆದೂಗುತ್ತಿದ್ದರು. "ಯಾರ ಎರಕಪಾ ಇದು?" ಎಂದು ಕೇಳಿದಾಗ ನಂದು ಎಂದರೆ ಕೆಳಗಿಡುತ್ತಿದ್ದರು, ಬೈಲಹೊಂಗಲದ ಯಮನಪ್ಪನದು ಎಂದರೆ ಕೊಳ್ಳುತ್ತಿದ್ದರು. ಹೀಗೆ ಸತ್ತವನ ಹೆಸರಲ್ಲಿ ಬದುಕಿದ. ಮನುಷ್ಯನಿಗೆ ಇದಕ್ಕಿಂತ ಬೇಸರದ ಬಾಳು ಇನ್ನೊಂದಿಲ್ಲ.

ಹೀಗಿರುವಾಗ ಕೇರಿಯಲ್ಲಿ ಬುದ್ಧ ವಿಹಾರ ಎದ್ದಿತು. ವಿಹಾರವೆಂದರೆ ದೊಡ್ಡದೇನಲ್ಲ, ಹಂಚಿನ ಒಂದು ಖೋಲಿ, ಒಳಗೆ ಬುದ್ಧನ ಮೂರ್ತಿ, ಬಾಬಾಸಾಹೇಬರ ಪಟ. ಅದನ್ನು ಕಟ್ಟಿಸಿದವನು ದುರ್ಗಪ್ಪ, ರಾಮದುರ್ಗದ ಕಚೇರಿಯಲ್ಲಿ ಸಿಪಾಯಿಯಾಗಿದ್ದು ನಿವೃತ್ತನಾದ ಹಿರಿಯ, ಮಾತಿನಲ್ಲಿ ಜೋರು. ಅವನು ಒಂದು ಸಂಜೆ ಶಟ್ಟೆಪ್ಪನ ಒಲೆಯ ಹತ್ತಿರ ಬಂದು ಕುಂತ.

"ವಿಹಾರಕ್ಕ ಗಂಟಿ ಬೇಕು. ಅಂಗಡ್ಯಾಗಿಂದು ಬ್ಯಾಡ, ನಿನ್ನ ಕೈಯಾಗಿಂದು ಬೇಕು. ಕಿತ್ತೂರಿಂದ, ಬೈಲಹೊಂಗಲದಿಂದ ನಮ್ಮ ಮಂದಿ ಬರತಾರ. ಅವರೂ ವಿಹಾರ ಕಟ್ಟಾಕ ಹತ್ಯಾರ. ಇದು ಚಲೋ ಬಾರಿಸ್ತಂದ್ರ ಅವರ ಗಂಟೀನೂ ನಿನಗ."

"ಹೆಸರು ಹಾಕಲೇನ್ರಿ?" ಎಂದ ಶಟ್ಟೆಪ್ಪ. ಮೊದಲಿಗೆ ಅವನ ಬಾಯಿಗೆ ಬಂದ ಪ್ರಶ್ನೆ ಅದೇ.

"ಯಾರದು?"

"ನಂದು."

"ಮತ್ತ ನಿಂದಲ್ಲದ ನಮ್ಮಪ್ಪಂದು ಹಾಕತೀಯೇನು?" ಎಂದು ದುರ್ಗಪ್ಪ ನಕ್ಕ.

ಶಟ್ಟೆಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಮನೆಗೆ ಹೋಗಿ ಒಡೆದ ಕಂಚಿನ ಗಂಗಾಳ, ಬಟ್ಟಲು, ಸೀಳಿದ ತಾಳ ಕೂಡಿಸಿದ. ಒಂದೊಂದನ್ನೂ ಬೆರಳಿನಿಂದ ಬಡಿದು, ಕಿವಿಗೆ ಹಿಡಿದು, ದನಿ ಮಂಕಾದದ್ದನ್ನು ವಾಪಸು ಕೊಟ್ಟ. ಅವನ ಸ್ವಂತ ಮನೆಯಿಂದ ಒಂದು ಚೂರೂ ಬರಲಿಲ್ಲ, ಯಾಕೆಂದರೆ ಕಂಚು ಎರೆಯುವವನ ಮನೆಯಲ್ಲಿ ಉಣ್ಣುತ್ತಿದ್ದದ್ದು ಜರ್ಮನ್ ತಾಟಿನಲ್ಲಿ. ಪಕ್ಕದ ಮನೆಯ ವಿಧವೆ ಲಗಮವ್ವನಲ್ಲಿ ಅದೂ ಇರಲಿಲ್ಲ, ಮಣ್ಣಿನ ಪರಿಯಾಣ. ಕಾಡವ್ವ ಮತ್ತು ಲಗಮವ್ವ ಇಬ್ಬರೂ ಕಟ್ಟೆಯ ಮೇಲೆ ಕೂತು ಉಳಿದವರು ತಂದು ಹಾಕುವುದನ್ನು ನೋಡುತ್ತಿದ್ದರು.

ಮಲಪ್ರಭೆಯ ದಂಡೆಯಿಂದ ನುಣುಪು ಮಣ್ಣು ತಂದು, ಸೆಗಣಿ, ಹೊಟ್ಟು ಕಲಸಿ ಅಚ್ಚಿನ ತಿರುಳು ಮಾಡಿ, ಅದರ ಮೇಲೆ ಮೇಣದಲ್ಲಿ ಗಂಟೆ ತಿದ್ದಿದ; ಕಾಸಿದಾಗ ಮೇಣ ಕರಗಿ ಹೋದ ಜಾಗಕ್ಕೆ ಕಂಚು ಇಳಿಯಬೇಕು. ಮೇಣದ ಗಂಟೆಯ ಅಂಚಿಗೆ ಮೇಣದ ಅಕ್ಷರ ಒತ್ತಿದ: ಎರಕ ಶಟ್ಟೆಪ್ಪ, ಸಾಲಹಳ್ಳಿ. ಓದು ಬಾರದವನು, ದುರ್ಗಪ್ಪ ಬರೆದುಕೊಟ್ಟದ್ದನ್ನು ನೋಡಿ ನೋಡಿ ತಿದ್ದಿದ. ಅದರ ಮೇಲೆ ಮಣ್ಣು ಮೆತ್ತುವಾಗ ತನ್ನ ಹೆಸರಿನ ಮೇಲೆ ಬೆರಳು ಗಟ್ಟಿಯಾಗಿ ಊರದ ಹಾಗೆ ಎಚ್ಚರ ವಹಿಸಿದ. ಇಷ್ಟು ಸಂತೋಷ ಅವನಿಗೆ ಮದುವೆಯಲ್ಲೂ ಆಗಿರಲಿಲ್ಲವೆಂದು ಅವನ ಹೆಂಡತಿಯೇ ಹೇಳುತ್ತಿದ್ದಳು.

ಎರಕದ ಮುಂಜಾನೆ ಕೇರಿಗೆ ಕೇರಿಯೇ ಬಿಳಿ ಬಟ್ಟೆ ಉಟ್ಟು ಬಂದಿತು. ಮೂಸೆಯ ಕಂಚು ಕರಗಿ ಕಿತ್ತಳೆಯ ಬಣ್ಣಕ್ಕೆ ತಿರುಗಿತ್ತು, ಮೇಲೆ ಗಾಳಿ ತಾಗದಂತೆ ಶಟ್ಟೆಪ್ಪ ಇದ್ದಿಲು ಮುಚ್ಚಿದ್ದ. ಆಗ ದುರ್ಗಪ್ಪ ಎದ್ದು ನಿಂತ.

"ಬ್ಯಾರೆ ಊರಾಗ ಗಂಟಿ ಎರಿಯೂ ಮುಂದ ನಾವು ದೂರ ನಿಂತು ನೋಡೇವಿ. ಇವತ್ತ ದೂರ ನಿಲ್ಲವ್ರು ಯಾರೂ ಇಲ್ಲ. ಎಲ್ಲಾರೂ ಬರ್ರಿ, ಕೈಲಾದದ್ದು ಹಾಕ್ರಿ."

ಈ ಮಾತನ್ನು ಅವನು ಹಿಂದಿನ ದಿನವೇ ಮನೆಮನೆಗೆ ಹೇಳಿ ಬಂದಿದ್ದ, ಶಟ್ಟೆಪ್ಪನಿಗೊಬ್ಬನಿಗೆ ಬಿಟ್ಟು. ಅವನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೇಳಿದ್ದರೆ ಅವನು ಹಿಂದಿನ ದಿನವೇ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಮೆಲ್ಲಗೆ ತಿಳಿಸುತ್ತಿದ್ದ. ಈಗ ಇಕ್ಕಳ ಹಿಡಿದುಕೊಂಡು, ಬೆವರು ಒರೆಸಿಕೊಳ್ಳುತ್ತ ಕೂಗಿ ಹೇಳಬೇಕಾಯಿತು.

"ಕೆಂಪುದು ಹಾಕ್ರಿ, ಹಳದೀದು ಹಾಕ್ರಿ, ಬೆಳ್ಳಿ ಇದ್ರ ನಡೀತೈತಿ. ಬಿಳಿ ರೊಕ್ಕ ಬ್ಯಾಡ್ರಿ. ಅದು ಜರ್ಮನ್."

ಇದ್ದವರು ಹಾಕಿದರು. ಬ್ರಿಟಿಷರ ಕಾಲದ ತೂತಿನ ದುಡ್ಡು ಬಂದವು. ಕಮಲದ ಚಿತ್ರದ ಹಳದಿ ಇಪ್ಪತ್ತು ಪೈಸೆ ಬಂದವು. ಆ ನಾಣ್ಯದಲ್ಲಿ ಬಂಗಾರ ಬೆರೆಸಿದ್ದಾರೆಂದು ಆಗ ಎಲ್ಲೆಲ್ಲೂ ಗುಲ್ಲು, ಜನ ಅದನ್ನು ಬಚ್ಚಿಟ್ಟುಕೊಂಡಿದ್ದರು. ಬಂಗಾರವೂ ಇಲ್ಲ ಮಣ್ಣೂ ಇಲ್ಲ, ಆದರೆ ಕಂಚಿಗೆ ಅದರಿಂದ ಕೇಡಿಲ್ಲವೆಂದು ಶಟ್ಟೆಪ್ಪ ಸುಮ್ಮನಿದ್ದ. ದುರ್ಗಪ್ಪ ಬೆಳ್ಳಿಯ ಗುಂಡಿ ಹಾಕಿದ. ಹೀಗೆ ಹಾಕಿದವರೆಲ್ಲ ಮೂಸೆಯ ಒಂದು ಬದಿಗೆ ಬಂದು ನಿಂತರು.

ಇನ್ನೊಂದು ಬದಿಗೆ ನಿಂತು ಉಳಿದವರು ಬರೀ ಹೆಂಗಸರು, ಕೇರಿಯಲ್ಲೇ ಬಡವರು. ಅವರ ಕೈಯಲ್ಲಿದ್ದದ್ದು ಐದು ಪೈಸೆಯ ಚೌಕ, ಹತ್ತು ಪೈಸೆಯ ಹೂವಿನಂಚಿನ ನಾಣ್ಯ, ಎಲ್ಲ ಅಲ್ಯುಮಿನಿಯಂ. ಅವರಿಗೆ ಅದು ಎಲ್ಲಕ್ಕಿಂತ ಚೆಂದದ ರೊಕ್ಕ. ಬಿಳಿ ಬಣ್ಣ ಬುದ್ಧನಿಗೆ ಒಪ್ಪುತ್ತದೆಂದು ಬೂದಿ ಹಚ್ಚಿ ತಿಕ್ಕಿ, ಬೆಳ್ಳಿಯಂತೆ ಹೊಳೆಸಿ ತಂದಿದ್ದರು. ಬೇಡ ಎಂಬ ಮಾತು ಕೇಳಿದ್ದೇ ಲಗಮವ್ವ ಕೈ ಹಿಂದಕ್ಕೆ ಎಳೆದು ಸೆರಗಿನಲ್ಲಿ ಮುಚ್ಚಿಕೊಂಡಳು. ಕಾಡವ್ವ ಮುಚ್ಚಿಕೊಳ್ಳಲಿಲ್ಲ. ಅಂಗೈ ಬಿಚ್ಚಿಯೇ ಇತ್ತು. ಜಗಳದ ದನಿಯಲ್ಲಲ್ಲ, ತಿಳಿದುಕೊಳ್ಳಬೇಕೆಂಬಂತೆ ಮಗನನ್ನು ಕೇಳಿದಳು.

"ಇಲ್ಲೂ ಅಲ್ಲೇ ಇಡಬೇಕೇನಪಾ?"

ನೀವಾದರೆ ಏನು ಮಾಡುತ್ತಿದ್ದಿರಿ? ನಾನು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ವಿವರಿಸಲು ಹೊತ್ತಿರಲಿಲ್ಲ, ಕಂಚು ಮೂಸೆಯಲ್ಲಿ ಹೆಚ್ಚು ಹೊತ್ತು ಕುದಿದರೆ ತವರ ಸುಟ್ಟುಹೋಗುತ್ತದೆ. ವಿವರಿಸಿದರೂ ಏನು? ಅಂದು ಅವಳ ಉಂಗುರವನ್ನು ಕಲ್ಲಿನ ಮೇಲೆ ಇಡಿಸಿದ ಆ ಊರ ಹಿರಿಯನೂ ಏನೋ ಒಂದು ಕಾರಣ ಇಟ್ಟುಕೊಂಡಿದ್ದ. ಶಟ್ಟೆಪ್ಪನಿಗೆ ಯಮನಪ್ಪನ ಮಾತು ನೆನಪಿರಲಿಲ್ಲವೆಂದು ಯಾರೂ ತಿಳಿಯಬೇಡಿ. ಚೆನ್ನಾಗಿ ನೆನಪಿತ್ತು. ಒಂದು ಹಿಡಿ ಜರ್ಮನ್ ಇಷ್ಟು ಕಂಚಿಗೆ ಏನು ಮಾಡಬಲ್ಲದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ಮೇಲೆ ತೇಲಿದ್ದನ್ನು ಬಳಿದು ತೆಗೆದರಾಯಿತು, ಹೇಗೋ ಆದೀತು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡ.

"ಹಾಕ್ರಿ," ಎಂದ. "ಏನೂ ಆಗೂದಿಲ್ಲ, ಎಲ್ಲಾರೂ ಹಾಕ್ರಿ."

ಹೆಂಗಸರು ಒಬ್ಬೊಬ್ಬರೇ ಬಂದು ಹಾಕಿದರು. ಇದ್ದಿಲು ಸರಿಸಿದ್ದ ಕಡೆ ಬಿಳಿ ನಾಣ್ಯಗಳು ಕಂಚಿನ ಮೇಲೆ ಒಂದು ಕ್ಷಣ ತೇಲಿದವು, ಹಪ್ಪಳದಂತೆ ಮುದುಡಿದವು, ಇಲ್ಲವಾದವು. ಲಗಮವ್ವ ಹಾಕಿ ಬಂದು ಅಳುತ್ತ ನಗುತ್ತಿದ್ದಳು. ಶಟ್ಟೆಪ್ಪ ಸೌಟು ಹಿಡಿದು ಮೇಲಿನ ಬೂದು ಪೊರೆಯನ್ನು ಬಳಿದ. ಬಳಿದಷ್ಟೂ ಹೊಸ ಪೊರೆ ಕಟ್ಟಿತು. ಹಸಿ ಕೋಲಿನಿಂದ ಕಲಕಿದ, ಪೊರೆ ಒಳಗೇ ಮಡಿಚಿಕೊಂಡು ಹೋಯಿತು. ಕೊನೆಗೆ ಮೂಸೆ ಎತ್ತಿ ಅಚ್ಚಿಗೆ ಎರೆದ. ಒಳ್ಳೆಯ ಕಂಚು ಎಣ್ಣೆಯಂತೆ ಇಳಿಯಬೇಕು. ಇದು ಆರಿದ ಗಂಜಿಯ ಹಾಗೆ, ತನ್ನ ಚರ್ಮವನ್ನು ತಾನೇ ಹೊದ್ದುಕೊಂಡು ಇಳಿಯಿತು.

ಮರುದಿನ ಅಚ್ಚು ಒಡೆದಾಗ ಗಂಟೆಯ ಆಕಾರ ಬಂದಿತ್ತು. ಮೈತುಂಬ ಸುಕ್ಕು, ಅಲ್ಲಲ್ಲಿ ಸೂಜಿ ಚುಚ್ಚಿದಂಥ ತೂತು. ಅಂಚಿನ ಅಕ್ಷರಗಳಲ್ಲಿ ಎರಕ ಎಂಬುದು ಮೂಡಿತ್ತು, ಸಾಲಹಳ್ಳಿ ಎಂಬುದೂ ಅರ್ಧ ಮೂಡಿತ್ತು, ನಡುವೆ ಅವನ ಹೆಸರಿದ್ದ ಕಡೆ ಲೋಹ ಹರಿದೇ ಇರಲಿಲ್ಲ. ಬೆರಳಿನಿಂದ ಮೆಲ್ಲಗೆ ಬಡಿದು ನೋಡಿದ. ದುರ್ಗಪ್ಪ ಬಂದಾಗ, "ಇದನ್ನ ತೂಗು ಹಾಕೂದು ಬ್ಯಾಡ್ರಿ" ಎಂದ. ದುರ್ಗಪ್ಪನಿಗೆ ಕೇಳುವ ತಾಳ್ಮೆ ಇರಲಿಲ್ಲ. ಕಿತ್ತೂರಿನವರು ಬಸ್ ಇಳಿದು ಕೇರಿಯ ಕಡೆ ಬರುತ್ತಿದ್ದರು.

ಪಂಚಶೀಲ ಹೇಳಿ ಮುಗಿದ ಮೇಲೆ ದುರ್ಗಪ್ಪ ಗಂಟೆಗೆ ಕೈ ಹಾಕಿದ. ದಬ್ ಎಂದಿತು, ಹಸಿ ಕುಂಬಳಕಾಯಿಗೆ ಗುದ್ದಿದ ಹಾಗೆ. ಇನ್ನೊಂದು ಸಲ ಜೋರಾಗಿ ಬಾರಿಸಿದ. ಮತ್ತೆ ಅದೇ. ಒಂದು ಕೂಸು ಕಿಸಕ್ಕನೆ ನಕ್ಕಿತು, ಅದರ ತಾಯಿ ಬಾಯಿ ಮುಚ್ಚಿದಳು. ಕಿತ್ತೂರಿನಿಂದ ಬಂದ ಹಿರಿಯ ನೆಲ ನೋಡುತ್ತ, ಸಮಾಧಾನ ಮಾಡುವವನಂತೆ ಹೇಳಿದ: "ಹೋಗಲಿ ಬಿಡ್ರಿ. ಇದು ಕಂಚಗಾರರ ವಿದ್ಯಾ. ರಕ್ತದಾಗ ಬರಬೇಕು, ನಮ್ಮಂಥವ್ರಿಗೆ ಒಗ್ಗೂದಿಲ್ಲ." ಬಾಬಾಸಾಹೇಬರ ಪಟದ ಕೆಳಗೆ ನಿಂತು ಆಡಿದ ಮಾತು ಇದು. ಸುತ್ತಲಿನವರು ಹೌದೆಂದು ತಲೆಯಾಡಿಸಿದರು. ಯಾವ ಮಾತನ್ನು ಕೇಳಿ ಕೇಳಿ ಸಾಕಾಗಿ ಇವರು ಹಳೆಯ ದೇವರನ್ನೇ ಬಿಟ್ಟು ಬಂದಿದ್ದರೋ ಅದೇ ಮಾತನ್ನು ಈಗ ತಮ್ಮ ಬಾಯಿಂದಲೇ ಆಡಿಕೊಂಡರು.

ದುರ್ಗಪ್ಪನ ಮುಖ ಸಣ್ಣಗಾಗಿತ್ತು. "ಏನ ತಪ್ಪಾತೋ ಶಟ್ಟೆಪ್ಪ? ಹೇಳು. ಕಾರಣ ಇರಬೇಕಲ್ಲ" ಎಂದ.

ಬಿಳಿ ರೊಕ್ಕ ಬೇಡವೆಂದವನೇ ಆಮೇಲೆ ಹಾಕಿಸಿದ್ದರಿಂದ ಆ ಮಾತು ಯಾರ ಮನಸ್ಸಿನಲ್ಲೂ ಉಳಿದಿರಲಿಲ್ಲ. ಕಾರಣ ಶಟ್ಟೆಪ್ಪನ ನಾಲಿಗೆಯ ಮೇಲೇ ಇತ್ತು. ಒಂದೇ ಮಾತು. ಹೇಳಿದ್ದರೆ ಕಿತ್ತೂರಿನವರು ಒಪ್ಪುತ್ತಿದ್ದರು, ಬೇರೆ ಕಂಚು ಮತ್ತೆ ಕೂಡಿಸಬಹುದಿತ್ತು, ಅವನ ಕೈಗೆ ಅಂಟಿದ ಕಳಂಕ ಅಲ್ಲೇ ತೊಳೆದುಹೋಗುತ್ತಿತ್ತು. ಅವನು ಮುಂದೆ ನೋಡಿದ. ಮೊದಲ ಸಾಲಿನಲ್ಲಿ ಲಗಮವ್ವ, ಅವಳ ಪಕ್ಕದಲ್ಲಿ ಅವನ ತಾಯಿ, ಹಿಂದೆ ಬಿಳಿ ನಾಣ್ಯ ಹಾಕಿದ ಉಳಿದ ಹೆಂಗಸರು, ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಬದುಕಿನಲ್ಲಿ ಮೊದಲ ಸಲ ಒಂದು ಗಂಟೆಯೊಳಗೆ ನಮ್ಮದೂ ಇದೆ ಎಂದುಕೊಂಡು ಬಂದವರು ಅವರು.

"ಕಾವು ಹೆಚ್ಚಾತ್ರಿ," ಎಂದ. "ನನ್ನ ಕೈ ತಪ್ಪು."

ಕಿತ್ತೂರಿನ ಗಂಟೆಯೂ ಬೈಲಹೊಂಗಲದ ಗಂಟೆಯೂ ಅವನಿಗೆ ಬರಲಿಲ್ಲ. ಸುದ್ದಿ ಸಂತೆಗೂ ಮುಟ್ಟಿತು, ಎತ್ತಿನ ಗಂಟೆಯನ್ನೂ ಯಾರೂ ಮುಟ್ಟಲಿಲ್ಲ. ಒಂದು ವರ್ಷ ಹೆಣಗಿದ. ಆಮೇಲೆ ಒಲೆಯ ಜಾಗದಲ್ಲಿ ಹೆಂಡತಿ ಸೌದೆ ಒಟ್ಟಿದಳು. ಅವನು ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿಗಳಿಗೆ ಹೊರೆ ಏರಿಸುವ ಕೆಲಸಕ್ಕೆ ಹೋದ. ಕಬ್ಬಿನ ಎಲೆ ಕೊಯ್ದು ಕೈ ತುಂಬ ಗೀರು. ಅಲ್ಲಿಯವರು ಅವನಿಗೆ ಯಾವ ಹೆಸರನ್ನೂ ಇಡಲಿಲ್ಲ.

ಕೇರಿಯವರು ಮೂಕ ಗಂಟೆಯನ್ನು ತೂಕಕ್ಕೆ ಮಾರಿ, ಅದಕ್ಕಿಷ್ಟು ಸೇರಿಸಿ ಮಿರಜ ಕಡೆಯಿಂದ ಸಿದ್ಧ ಗಂಟೆ ತಂದರು. ಅದನ್ನು ತೂಗಿಸಿದ ದಿನ ಶಟ್ಟೆಪ್ಪ ಊರಲ್ಲೇ ಇದ್ದ. ವಿಹಾರದ ಹೊರಗೆ, ತಾಯಿ ಮತ್ತು ಲಗಮವ್ವ ಕುಂತಿದ್ದ ಕಟ್ಟೆಗೆ ಒರಗಿ ನಿಂತಿದ್ದ. ಗಂಟೆ ಬಾರಿಸಿತು. ದನಿ ಕೇರಿ ದಾಟಿ ಹೊಲದ ಮೇಲೆ ಹೋಗಿ ಬಹಳ ಹೊತ್ತು ನಿಂತಿತು. ಒಳ್ಳೆಯ ಎರಕವೆಂದು ಅವನ ಕಿವಿ ಹೇಳಿತು, ತವರ ಒಂದು ಗುಂಜಿ ಹೆಚ್ಚು ಎಂದೂ ಹೇಳಿತು. ಆ ಕಿವಿಯಿಂದ ಇನ್ನು ಏನು ಉಪಯೋಗ?

ಕಾಡವ್ವನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಲಗಮವ್ವನ ಕೈ ಹಿಡಿದಳು.

"ಕೇಳಿದೇನ ಲಗಮವ್ವ? ಹಳೇದನ್ನ ಮಾರಿದ ರೊಕ್ಕದಾಗ ಇದು ಬಂತು. ಅಂದ್ರ ಇದರಾಗ ನಮ್ಮ ರೊಕ್ಕ ಐತಿ. ಹಾಕಿದವರ ಮನಸು ಚಲೋ ಇತ್ತು. ಎರೆದವನ ಕೈ ಚಲೋ ಇರಲಿಲ್ಲ, ಏನ ಮಾಡೂದು." ಆಮೇಲೆ ಮೇಲೆ ನೋಡಿ, ಮಗನಿಗೆ ನೋವಾದೀತೆಂದು ದನಿ ತಗ್ಗಿಸಿ ಕೇಳಿದಳು: "ಖರೇ ಹೌದಿಲ್ಲೋ ತಮ್ಮಾ?"

"ಖರೇನ ಅವ್ವಾ," ಎಂದ ಶಟ್ಟೆಪ್ಪ.